ಒಳಗೆ ಜಾಗ ಉಂಟು

ಗಂಡನ ಎರಡೂ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ನೂಲು ಸುತ್ತುತ್ತಿದ್ದ ಸುಮತಿ, ಗಂಟು ಬಿಗಿಯುವ ಮೊದಲೇ ತಲೆಯೆತ್ತಿದಳು. ಹಾಲ್‌ನ ಗುಸುಗುಸು ಒಮ್ಮೆಲೇ ನಿಂತುಹೋಗಿತ್ತು. ಬಾಗಿಲಲ್ಲಿ ಬಿಳಿಯ ಹೆಂಗಸೊಬ್ಬಳು: ಗಿಡ್ಡಕ್ಕೆ ಕತ್ತರಿಸಿದ ಬೆಳ್ಳಿಗೂದಲು, ಬೆನ್ನ ಮೇಲೆ ಗಿಟಾರಿನ ಕಪ್ಪು ಚೀಲ, ಕೈಗೊಂದರಂತೆ ಬೂಟು. ಬೂಟು ಎಲ್ಲಿಡುವುದೆಂದು ತಿಳಿಯದೆ ಎದೆಗವಚಿಕೊಂಡು ನಿಂತಿದ್ದಳು.

ಮುಂದೆ ನಡೆದದ್ದನ್ನು ಮಲೇಷ್ಯಾದ ಈ ಮೆಲಾಕಾ ಊರಿನ ಕನ್ನಡಿಗರು ಯಾರಿಗೆ ಹೇಳಿದರೂ ನಂಬುವುದಿಲ್ಲ. ನಂಬದಿದ್ದರೆ ನಷ್ಟ ಅವರಿಗೇ. ನಡೆದದ್ದು ಮಾತ್ರ ಹೀಗೆಯೇ.

ಹೆಂಗಸು ನೇರ ಬಂದು ಜನಾರ್ದನನ ಕಾಲಬುಡದಲ್ಲಿ ಮಂಡಿಯೂರಿದಳು. “ಯನಾರ್ದನ್” ಎಂದಳು, ಅತ್ತಳು. ಹೆಂಡತಿ ಇನ್ನೂ ಅತ್ತಿರಲಿಲ್ಲವಾದ್ದರಿಂದ ಆ ಅಳು ಎಲ್ಲರಿಗೂ ಇನ್ನಷ್ಟು ಗಟ್ಟಿಯಾಗಿ ಕೇಳಿಸಿತು.

ಪಕ್ಕದ ಬೀದಿಯ ಗುಲಾಬಿಯಕ್ಕ ಸುಮತಿಯ ಕಿವಿಯತ್ತ ಬಾಗಿ, “ಯಾರೇ ಇದು?” ಎಂದರು. ಆ ಪ್ರಶ್ನೆಯ ಬಾಲಕ್ಕೆ ಇನ್ನೆರಡು ಪ್ರಶ್ನೆಗಳು ಜೋತುಬಿದ್ದಿದ್ದವು.

ಉತ್ತರ ಕೊಟ್ಟವಳು ಮಗಳು ಮೇಧಾ. ನಿನ್ನೆ ಅಪ್ಪನ ಫೋನ್‌ಗೆ ಕರೆ ಬಂದಿತ್ತಂತೆ, ವಿಷಯ ತಿಳಿಸಿ ವಿಳಾಸ ಕಳಿಸಿದ್ದು ತಾನೇ ಅಂತೆ. “ಹರ್ ನೇಮ್ ಈಸ್ ಹಾಲಿನಾ, ಅಮ್ಮಾ. ಫ್ರಮ್ ಯುಕ್ರೇನ್. ಫ್ರಮ್ ದ ಬ್ಯಾಂಡ್.”

ಸುಮತಿಯ ಬೆರಳಿನಿಂದ ನೂಲು ಜಾರಿತು.

“ಹಾಲಿನಾ, ಮೊಸರಿನಾ ಅಂತ ಕೇಳ್ತಿದ್ದ ಅವ, ಎದ್ದು ಕೂತ್ರೆ,” ಎಂದು ಗೋಡೆಗೊರಗಿ ನಿಂತಿದ್ದ ಖಲಂದರ್ ಮೆಲ್ಲಗೆ ಹೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

*

ಜನಾರ್ದನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದ. ಕೈಯಲ್ಲಿ ಬುರುಡೆ ಹಿಡಿದು ಪಾಠ ಮಾಡುವವನು ಬುರುಡೆ ಬಿಡದೆ ಇರಲಾರ ಎಂಬುದು ಅದೇ ಕಾಲೇಜಿನ ಮಕ್ಕಳ ಡಾಕ್ಟರು, ಕುಂದಾಪುರದ ಖಲಂದರ್ ಕೊಟ್ಟಿದ್ದ ತೀರ್ಪು. ಡೀನ್ ಸಾಹೇಬರ ಕೆಮ್ಮು, ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ಚಹಾ ಎತ್ತಿ ಸುರಿಯುವವನ ಕೂಗು, ಮೀನು ಮಾರುವ ಚೀನೀ ಅಜ್ಜಿಯ ಚೌಕಾಸಿ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಒಮ್ಮೆ ಸುಮತಿಯ ತಾಯಿಯ ದನಿಯಲ್ಲಿ ಫೋನ್ ಮಾಡಿ, “ನಾಳೆ ಬತ್ತೆ, ಬಂಗುಡೆ ತಂದಿಡು” ಎಂದು ಹೇಳಿ ಅವಳನ್ನು ಮಾರ್ಕೆಟ್ಟಿಗೆ ಓಡಿಸಿದ್ದ.

ಅವನ ಒಂದೊಂದು ಬುರುಡೆಯೂ “ಸತ್ಯವಾಗಿ ಹೇಳ್ತೇನೆ” ಎಂದೇ ಶುರುವಾಗುತ್ತಿತ್ತು. ಉಳಿದವನ್ನೆಲ್ಲ ಊಟ ಮುಗಿಯುವ ಹೊತ್ತಿಗೆ ಅವನೇ ಒಪ್ಪಿಕೊಂಡು ನಗುತ್ತಿದ್ದ. ಒಂದನ್ನು ಮಾತ್ರ ಮದುವೆಯಾದಲ್ಲಿಂದ ಬಿಟ್ಟುಕೊಟ್ಟವನಲ್ಲ: ಖಾರ್ಕಿವ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದಾಗ ತಾನೊಂದು ಬ್ಯಾಂಡಿನಲ್ಲಿ ಹಾಡಿದ್ದೆ, ಆ ಹಾಡನ್ನು ಅಲ್ಲಿಯವರು ಇವತ್ತಿಗೂ ಹಾಡುತ್ತಾರೆ. ಬ್ಯಾಂಡಿನ ಹೆಸರು ಕೇಳಿದರೆ ಸಲಕ್ಕೊಂದು ಹೆಸರು. ಹಾಡು ಹಾಕಿ, ಕೇಳುವಾ ಎಂದರೆ, “ನೀವು ಕನ್ನಡದವರು, ನಿಮಗೆ ಕೇಳಿಸುವ ಹಾಗಿಲ್ಲ” ಎಂದು ಜಾರಿಕೊಳ್ಳುತ್ತಿದ್ದ. ಮೇಧಾ ಚಿಕ್ಕವಳಿದ್ದಾಗ ನಂಬಿದ್ದಳು. ಆಮೇಲೆ ಅವಳೂ ತಾಯಿಯ ಪಕ್ಷ ಸೇರಿದಳು.

ಹೋದ ಬುಧವಾರ ರಾತ್ರಿ ಊಟಕ್ಕೆ ಖಲಂದರ್ ಮತ್ತು ಅವನ ಹೆಂಡತಿ ಇಸ್ಮತ್ ಬಂದಿದ್ದರು. ಜನಾರ್ದನ ಮತ್ತೆ ಶುರು ಮಾಡಿದ. ಬ್ಯಾಂಡಿನವರು ಶನಿವಾರ ಕೌಲಾಲಂಪುರಕ್ಕೆ ಬರುತ್ತಾರಂತೆ, ಬಾಂಗ್ಸಾರ್‌ನ ಒಂದು ಚಿಕ್ಕ ಸಭಾಂಗಣದಲ್ಲಿ ಹಾಡುತ್ತಾರಂತೆ.

“ನೀನು ಬಾ ಸುಮತಿ. ಅಲ್ಲೊಂದು ತಮಾಷೆ ಉಂಟು. ನಾನೊಬ್ನೇ ಇಟ್ಕೊಂಡು ಸಾಕಾಗಿದೆ.”

ಸುಮತಿ ಸಾರಿನ ಸೌಟನ್ನು ಪಾತ್ರೆಗೆ ಕುಟ್ಟಿದಳು. “ಜನರ ಎದುರು ಎಷ್ಟು ಸಲ ನನ್ನನ್ನು ಪೆದ್ದಿ ಮಾಡ್ತೀರಿ? ನೀವು ಸುಳ್ಳುಗಾರ ಅಂತ ನನಗೆ ಗೊತ್ತುಂಟು. ನಾನು ಬರುವುದಿಲ್ಲ.”

ಅವನು ತಟ್ಟೆಯಲ್ಲಿದ್ದದ್ದನ್ನು ಉಂಡು ಎದ್ದ. ಯಾರ ದನಿಯಲ್ಲೂ ಮಾತಾಡಲಿಲ್ಲ. ಮರುದಿನ ಪಾಠದ ನಡುವೆ ಕುಸಿದ. ಇದೂ ಒಂದು ಮಿಮಿಕ್ರಿ ಎಂದುಕೊಂಡು ಹುಡುಗರು ಸ್ವಲ್ಪ ಹೊತ್ತು ನಗುತ್ತಾ ಕೂತಿದ್ದರಂತೆ.

*

ಈಗ ಸುಮತಿಗೆ ಬೇಕಾಗಿದ್ದದ್ದು ಒಂದೇ. ಶವ ಒಯ್ಯುವ ವ್ಯಾನು ಬರುವುದರೊಳಗೆ, ಇವನು ಇನ್ನೂ ಈ ಮನೆಯಲ್ಲಿರುವಾಗಲೇ, ಅದು ಬುರುಡೆಯೋ ಅಲ್ಲವೋ ತಿಳಿಯಬೇಕು. ಹಾಲಿನಾಳಿಗೆ ಕುರ್ಚಿ ಕೊಡಿಸಿದಳು. ಯಾರೋ ಅಂಗಡಿಯಿಂದ ತಪಾವ್ ಕಟ್ಟಿಸಿ ತಂದಿದ್ದ ಬಿಸಿ ಕಾಫಿಯ ಪೊಟ್ಟಣವನ್ನು ಲೋಟಕ್ಕೆ ಸುರಿದು ಕೊಟ್ಟಳು. ಮಗಳಿಗೆ, “ಕೇಳು. ಎಲ್ಲ ಕೇಳು,” ಎಂದಳು.

ಹಾಲಿನಾ ಮುರುಕು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಬಿಸಿನೀರಿನ ಪೈಪುಗಳ ನಡುವೆ ನಾಲ್ವರು ಬಾರಿಸುತ್ತಿದ್ದರು. ಚಳಿಗೆ ಬೆಚ್ಚಗಿರುವ ಜಾಗ ಅದೊಂದೇ ಎಂದು ಜನಾರ್ದನನೂ ಪುಸ್ತಕ ಹಿಡಿದು ಅಲ್ಲಿಗೇ ಬರುತ್ತಿದ್ದ. ಅವನ ಥರ್ಮಾಸು ಯಾವಾಗಲೂ ಖಾಲಿ, ಬ್ಯಾಂಡಿಗೆ ಇಟ್ಟ ಹೆಸರೂ ‘ಖಾಲಿ ಥರ್ಮಾಸ್’. ಯಾವ ಕಂಪನಿಯೂ ಮೂಸಿ ನೋಡಲಿಲ್ಲ. ತಾವೇ ಕ್ಯಾಸೆಟ್ ನಕಲು ಮಾಡಿ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಮಾರಿದರು. ಆಮೇಲೆ ಒಬ್ಬ ಪೋಲೆಂಡಿಗೆ ಹೋದ, ಇನ್ನೊಬ್ಬ ಬೇಕರಿ ಇಟ್ಟ, ವರ್ಷಗಟ್ಟಲೆ ಬ್ಯಾಂಡೇ ಇರಲಿಲ್ಲ. ಮತ್ತೆ ಕೂಡಿದರು, ಮತ್ತೆ ಒಡೆದರು. ಬಾಂಬು ಬೀಳತೊಡಗಿದ ಮೇಲೆ ಊರಿನ ಜನವೆಲ್ಲ ಮೆಟ್ರೋ ಸುರಂಗಕ್ಕಿಳಿದಾಗ ಇವರೂ ಗಿಟಾರು ಹೊತ್ತು ಇಳಿದರು. ಕಂಬಳಿ ಹಾಸಿಕೊಂಡು ಕೂತವರು ಕೇಳುತ್ತಿದ್ದದ್ದು ಒಂದೇ ಹಾಡು, ಮೊದಲ ಕ್ಯಾಸೆಟ್ಟಿನದು.

“ದ ಮಂತ್ರ,” ಎಂದಳು ಹಾಲಿನಾ. ಜನಾರ್ದನ ಕಲಿಸಿದ್ದಂತೆ. ಕ್ಯಾಸೆಟ್ಟಿನಲ್ಲಿರುವುದು ಅವನದೇ ದನಿಯಂತೆ. ನಮ್ಮ ಊರಿನಲ್ಲಿ ಪ್ರಯಾಣ ಹೊರಡುವವರಿಗೆ ಹೇಳುವಂಥದ್ದು, ಬಹಳ ಹಳೆಯದು ಎಂದಿದ್ದನಂತೆ. ಅವನೇ ಈಗ ಹೊರಟಿದ್ದಾನೆ, ಅವನಿಗೆ ಅದನ್ನು ಹೇಳಲು ಅಪ್ಪಣೆ ಕೊಡಬೇಕು.

ಮೂಲೆಯಲ್ಲಿ ದರ್ಭೆ ಬಿಡಿಸುತ್ತಿದ್ದ ತಮಿಳು ಪುರೋಹಿತ ಗುರುಕ್ಕಳ್, ಮಂತ್ರವಾದರೆ ಯಾರು ಹೇಳಿದರೇನು ಎಂದು ತಲೆಯಾಡಿಸಿದರು. ಸುಮತಿಯೂ ಹೂಂ ಎಂದಳು.

ಹಾಲಿನಾ ಗಿಟಾರು ತೆಗೆದು ಕಣ್ಣು ಮುಚ್ಚಿದಳು. ಎಲ್ಲರೂ ಎದ್ದು ನಿಂತರು. ಗುರುಕ್ಕಳ್ ಕೈಮುಗಿದರು. ಆಳವಾದ, ಇಗರ್ಜಿಯ ಗಂಟೆಯಂಥ ದನಿ ಹಾಲ್ ತುಂಬಿತು:

“ಸಾಂತೆಕಾಟ್ಟೆ… ಉಪ್ಪೂರು… ಬ್ರಾಹ್ಮಾವಾರಾ…”

ಸುಮತಿ ಗಂಡನ ಮುಖ ನೋಡಿದಳು.

“ಮಾಬುಕಾಳಾ… ಸಾಸ್ತಾನಾ… ಸಾಲಿಗ್ರಾಮಾ… ಕೋಟಾ, ತೆಕ್ಕಾಟ್ಟೆ, ಕುಂದಾಪುರಾ… ಓಳಗೆ ಹೋಗಿ, ಓಳಗೆ ಹೋಗಿ… ಓಳಗೆ ಜಾಗಾ ಉಂಟು…”

ಖಲಂದರ್ ಗೋಡೆಯ ಕಡೆ ತಿರುಗಿದ. ಅವನ ಭುಜಗಳು ಕುಣಿಯುತ್ತಿದ್ದವು. ಗುಲಾಬಿಯಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡರು. ಸುಮತಿ ಬ್ರಹ್ಮಾವರದವಳು. ಕಾಲೇಜಿಗೆ ಹೋಗುವಾಗ ಬರುವಾಗ ಆ ಉಡುಪಿ-ಕುಂದಾಪುರ ಬಸ್ಸಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಇದನ್ನೇ, ಇದೇ ರಾಗದಲ್ಲಿ, ಮೂಗಿನಿಂದ ಎಳೆದು ಕೂಗುತ್ತಿದ್ದ. ಹಾಲಿನಾ ಮೂಗನ್ನೂ ಬಿಟ್ಟಿರಲಿಲ್ಲ.

ಕೊನೆಗೆ ಅವಳು ಗಿಟಾರಿನ ಮೈಗೆ ಅಂಗೈಯಿಂದ ದಬ್ ದಬ್ ಎಂದು ಬಡಿದು, ತಲೆಬಾಗಿ, ಮಹಾಭಕ್ತಿಯಿಂದ, “ರೈಟ್… ಪೋಯಿ…” ಎಂದಳು.

ಗುರುಕ್ಕಳ್ ಕಣ್ಣು ತೆರೆದು, ಇದು ಯಾವ ವೇದದ್ದು ಎಂದು ಖಲಂದರ್‌ನನ್ನು ಕೇಳಿದರು. ಖಲಂದರ್ ಅಡುಗೆಮನೆಗೆ ಓಡಿಹೋದ.

“ಅಮ್ಮಾ, ವಾಟ್ಸ್ ಹ್ಯಾಪನಿಂಗ್? ವಾಟ್ ಡಸ್ ಇಟ್ ಮೀನ್?” ಎಂದಳು ಮೇಧಾ.

ಗುಲಾಬಿಯಕ್ಕ ಸುಮತಿಯ ಕೈ ಹಿಡಿದುಕೊಂಡರು. “ಹೇಳ್ಬೇಡ ಮಾರಾಯ್ತಿ. ಅಷ್ಟು ದೂರದಿಂದ ಬಂದಿದ್ದಾಳೆ, ಪಾಪ. ಸುರಂಗದಲ್ಲಿ ಕೂತು ಇದನ್ನೇ ನೆಚ್ಚಿಕೊಂಡವರು ಅವರು.”

ಹೌದು, ಹೇಳದಿದ್ದರೂ ನಡೆಯುತ್ತಿತ್ತು. ಹಾಲಿನಾ ತನ್ನ ಮಂತ್ರದೊಂದಿಗೆ ಹಿಂದಿರುಗುತ್ತಿದ್ದಳು. ಆದರೆ ತಾನೊಬ್ಬನೇ ಇಟ್ಟುಕೊಂಡು ಸಾಕಾಗಿದೆ ಎಂದಿದ್ದ ಅವನು. ಹೇಳಿದ್ದೂ ಸುಳ್ಳಲ್ಲ: ಪ್ರಯಾಣ ಹೊರಡುವವರಿಗೆ ಹೇಳುವಂಥದ್ದೇ ಅದು. ಸುಮತಿ ಹಾಲಿನಾಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಮೇಧಾ, ಸರಿಯಾಗಿ ಹೇಳು ಇವಳಿಗೆ. ಅದು ಮಂತ್ರ ಅಲ್ಲ. ಬಸ್ಸು. ನಮ್ಮೂರ ಬಸ್ಸಿನ ಕಂಡಕ್ಟರ್ ಕೂಗುವುದು. ಎಲ್ಲ ಊರಿನ ಹೆಸರುಗಳು. ಮೂರನೆಯದು ನನ್ನ ಊರು.”

ಮೇಧಾ ಒಮ್ಮೆ ಅಪ್ಪನನ್ನು ನೋಡಿ, ಆಮೇಲೆ ಒಂದೊಂದೇ ಮಾತನ್ನು ದಾಟಿಸಿದಳು. ಹಾಲಿನಾಳ ಮುಖದಲ್ಲಿ ಏನೂ ಅಲುಗಲಿಲ್ಲ.

“ಬಸ್,” ಎಂದಳು.

“ಬಸ್,” ಎಂದಳು ಸುಮತಿ.

ಊರುಗಳ ಹೆಸರಾದ ಮೇಲೆ ಬರುವ ಸಾಲು ಏನೆಂದು ಕೇಳಿದಳು ಹಾಲಿನಾ. ಅದನ್ನೇ ಸುರಂಗದಲ್ಲಿ ಎಲ್ಲರೂ ಸೇರಿ ಹಾಡುತ್ತಿದ್ದರಂತೆ, ಕಾಲಿಡಲು ಜಾಗವಿಲ್ಲದ ಕಡೆ ಕೂತು.

“ಒಳಗೆ ಹೋಗಿ, ಒಳಗೆ ಜಾಗ ಉಂಟು,” ಎಂದಳು ಸುಮತಿ. ಮೇಧಾ ಅದನ್ನು ಇಂಗ್ಲಿಷಿಗೆ ತಂದಳು.

ಹಾಲಿನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸತ್ತವನ ಕಡೆ ಬೆರಳು ತೋರಿಸಿ ತನ್ನ ಭಾಷೆಯಲ್ಲಿ ಏನೋ ಬೈದಳು. ಸಾವಿನ ಮನೆಗೆ ಹೊಂದುವಂಥ ಪದವಲ್ಲ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಎರಡು ಸಲ ಅಂಗೈ ತಟ್ಟಿ ತೋರಿಸಿ, ಇದು ಏನು ಎಂದಳು.

“ಎಲ್ಲರೂ ಹತ್ತಿ ಆಯ್ತು, ಬಿಡು ಅಂತ ಡ್ರೈವರಿಗೆ ಹೇಳುವುದು.”

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

ಗುರುಕ್ಕಳ್ ಅವಸರ ಮಾಡಿದರು. ಸುಮತಿ ಹೆಬ್ಬೆರಳ ಗಂಟು ಬಿಗಿದಳು. ಖಲಂದರ್, ಗುಲಾಬಿಯಕ್ಕನ ಗಂಡ, ಕಾಲೇಜಿನ ಹುಡುಗರು ಹೆಗಲು ಕೊಟ್ಟರು. ಇನ್ನೊಂದು ಹೆಗಲಾಗಿ ಹಾಲಿನಾ ಬಂದು ಸೇರಿದಳು, ಬರಿಗಾಲಲ್ಲಿ. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಜನಾರ್ದನ ವ್ಯಾನಿನವರೆಗೆ ಹೋದ. ಒಳಗೆ ಎರಡು ಬದಿಗೂ ಬೆಂಚು. ಸುಮತಿ ಹತ್ತಿದಳು, ಮೇಧಾ ಹತ್ತಿದಳು, ಖಲಂದರ್ ಹತ್ತಿ ಬಾಗಿಲ ಬಳಿ ನಿಂತು ಹಿಂದೆ ನೋಡಿದ. ಹಾಲಿನಾ ಕೆಳಗೇ ನಿಂತಿದ್ದಳು, ತಾನೂ ಹತ್ತಬಹುದೋ ಬಾರದೋ ಎಂಬಂತೆ.

ಸುಮತಿ ಬೆಂಚಿನ ಮೇಲೆ ಸರಿದು ಕೂತಳು. “ಬನ್ನಿ,” ಎಂದಳು, ಮತ್ತೆ ಇದ್ದಕ್ಕಿದ್ದಂತೆ ಮೂಗಿನಿಂದ ಎಳೆದು, “ಒಳಗೆ ಜಾಗ ಉಂಟು.”

ಅವನದೇ ದನಿ ಬಂದಿತ್ತು. ಖಲಂದರ್ ಬೆಚ್ಚಿ ಶವದ ಕಡೆ ನೋಡಿದ.

ಹಾಲಿನಾ ಹತ್ತಿದಳು. ಹತ್ತಿದವಳು ಬಾಗಿಲಿನಿಂದ ಕೈ ಹೊರಗೆ ಚಾಚಿ ವ್ಯಾನಿನ ತಗಡಿಗೆ ದಬ್ ದಬ್ ಎಂದು ಎರಡು ಏಟು ಹಾಕಿದಳು. ಏನೂ ತಿಳಿಯದ ತಮಿಳು ಡ್ರೈವರ್, ಸರಿ, ಹೊರಡಲು ಹೇಳುತ್ತಿದ್ದಾರೆ ಎಂದುಕೊಂಡು ಗೇರ್ ಹಾಕಿದ. ವ್ಯಾನು ಮುಂದಕ್ಕೆ ಜಗ್ಗಿತು. ಗೇಟಿನ ಬಳಿ ಕೈಮುಗಿದು ನಿಂತಿದ್ದವರಿಗೆಲ್ಲ ವ್ಯಾನಿನೊಳಗಿನಿಂದ ನಗು ಕೇಳಿಸಿತು. ಖಲಂದರ್‌ನದು ಇತ್ತು, ಮೇಧಾಳದಿತ್ತು, ಅಳುವಿನಲ್ಲಿ ಕಲಸಿಹೋದ ಸುಮತಿಯದೂ ಇತ್ತು. ಎಲ್ಲವನ್ನೂ ಮೀರಿ, ಬೀದಿಯ ತಿರುವು ದಾಟಿದ ಮೇಲೂ ಕೇಳಿಸುತ್ತಿದ್ದದ್ದು ಹಾಲಿನಾಳ ಇಗರ್ಜಿ ಗಂಟೆಯಂಥ ನಗು.