ಬಿಸಿಗಾಳಿಯ ಹಿಡಿ

ನಮ್ಮ ಶೆಡ್ಡಿನಲ್ಲಿ ಬಿಚ್ಚಿ ಜೋಡಿಸಿದ ಕಾರ್ಬುರೇಟರ್ ಕೆಮ್ಮುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ. ವಿಮಾನ ಇಳಿಯುವ ಮೈದಾನದ ಅಂಚಿನಲ್ಲಿ, ಸಣ್ಣ ವಿಮಾನಗಳ ಎಂಜಿನ್ ರಿಪೇರಿ ಮಾಡುವ ಈ ಶೆಡ್ಡನ್ನು ಕಟ್ಟಿ ನಿಲ್ಲಿಸಿದವಳು ನಮ್ಮಮ್ಮ. ಅವಳ ಮೊಣಕಾಲು ಸೋತ ಮೇಲೆ ಸ್ಪ್ಯಾನರ್ ನನ್ನ ಕೈಗೆ ಬಂತು, ಅವಳ ಹೆಸರೂ ನನ್ನ ತಲೆ ಮೇಲೆ ಬಂತು. ಅಮ್ಮ ಈಗ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಒಂದು ನಟ್ಟು ಕೆಳಗೆ ಬಿದ್ದರೂ ಯಾವ ಅಳತೆಯದ್ದು ಅಂತ ಸದ್ದಿನಲ್ಲೇ ಹೇಳುತ್ತಾಳೆ.

ಇಂಥ ಶೆಡ್ಡಿನೆದುರು ವಿಮಾನ ನಿಲ್ಲಿಸಿ, ಇಳಿಯುತ್ತಲೇ, ನನ್ನ ಒಡಹುಟ್ಟಿದ ತಮ್ಮನೇ "ಅಕ್ಕ, ನಿನ್ನ ಕಾರ್ಬುರೇಟರ್ ಸರಿ ಇಲ್ಲ" ಅಂದರೆ ಹೇಗಿರುತ್ತದೆ? ನನಗೆ ಮೈಯೆಲ್ಲ ಉರಿದುಹೋಯಿತು.

ತಮ್ಮ ಪೈಲಟ್. ಆಚೆ ದಡ ಕಣ್ಣಿಗೆ ಕಾಣದಷ್ಟು ದೊಡ್ಡ ಕೆರೆಯೊಂದಿದೆ. ಅದರಾಚೆಯ ಆಸ್ಪತ್ರೆಗಳಿಗೆ ಔಷಧಿ ಪೆಟ್ಟಿಗೆ ಮುಟ್ಟಿಸುವ ಎರಡು ಸೀಟಿನ ಹಳೇ ವಿಮಾನವನ್ನು ಅವನು ಹಾರಿಸುತ್ತಾನೆ. ವಿಮಾನ ಒಬ್ಬ ಯಜಮಾನಿಯದು. ಅವನು ಆ ಕೆಲಸಕ್ಕೆ ಸೇರಿದ್ದು ಇತ್ತೀಚೆಗೆ. ಮೊದಲು ಹಾರಿಸುತ್ತಿದ್ದ ಹೊಸ ವಿಮಾನಗಳಲ್ಲಿ ಕಾರ್ಬುರೇಟರೇ ಇರಲಿಲ್ಲ.

"ಕೆರೆ ಮೇಲೆ ಬಂದು, ಇಳಿಯೋಕೆ ಅಂತ ಎಂಜಿನ್ ತಗ್ಗಿಸ್ತೀನಿ ನೋಡು, ಆಗ ಶುರು. ಗೊರಗೊರ ಅಂತ ಕೆಮ್ಮುತ್ತೆ, ಶಕ್ತಿನೇ ಇರಲ್ಲ."

"ಇಳಿದ ಮೇಲೆ?"

"ಇಳಿದ ಮೇಲೆ ಸರಿಯಾಗೇ ಇರುತ್ತೆ."

"ಹಾಗಾದ್ರೆ ನಿನ್ನ ಕಿವಿ ಸರಿ ಇಲ್ಲ ಕಣೋ."

ಬಾಯಲ್ಲಿ ಹಾಗೆ ಅಂದೆನೇ ಹೊರತು ಕೈ ಸುಮ್ಮನಿರಲಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಕಾರ್ಬುರೇಟರನ್ನು ಕಳಚಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟೆ. ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ ಒಂದು ಕಣ ಕಸ ಇರಲಿಲ್ಲ. ಅದರಲ್ಲಿ ತೇಲುವ ಫ್ಲೋಟಿನ ಮಟ್ಟ ಅಳತೆಗೆ ಸರಿಯಾಗಿತ್ತು. ಪೆಟ್ರೋಲ್ ಚಿಮ್ಮುವ ಜೆಟ್ಟಿನ ತೂತನ್ನು ಬೆಳಕಿಗೆ ಹಿಡಿದು ನೋಡಿದೆ, ಸೂಜಿಯ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿದೆ. ಹೊಸ ಗ್ಯಾಸ್ಕೆಟ್ ಹಾಕಿ ಮತ್ತೆ ಕೂರಿಸಿ ಚಾಲೂ ಮಾಡಿದರೆ, ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ತಮ್ಮ ಹೋದ, ಬಂದ. ಬಂದವನ ಮುಖ ಬಿಳಿಚಿಕೊಂಡಿತ್ತು. ಮತ್ತೆ ಅದೇ ಕೆಮ್ಮು.

ಈ ಸಲ ಯಜಮಾನಿಯೇ ಬಂದರು. ಒಬ್ಬರೇ ಬರಲಿಲ್ಲ, ಬೇರೆ ಊರಿನ ಒಬ್ಬ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಬಂದರು. ಅವನು ನನ್ನ ಮೇಜನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಕೈ ಹಿಂದೆ ಕಟ್ಟಿಕೊಂಡು ನಿಂತ.

"ಔಷಧಿಗೆ ಕಾಯ್ತಾ ಇರೋರಿಗೆ ನಿಮ್ಮ ಹೆಸರು ಕಟ್ಕೊಂಡು ಏನಾಗ್ಬೇಕು," ಅಂದರು ಯಜಮಾನಿ, ನನಗಲ್ಲ, ಅಮ್ಮನಿಗೆ. "ಇವತ್ತು ಸರಿಹೋದ್ರೆ ಸರಿ. ಇಲ್ಲಾಂದ್ರೆ ವಿಮಾನ ಇವರ ಶೆಡ್ಡಿಗೆ ಹೋಗುತ್ತೆ."

ಅಮ್ಮ ಕುರ್ಚಿಯನ್ನು ನನ್ನ ಮೇಜಿನ ಕಡೆಗೆ ತಿರುಗಿಸಿಕೊಂಡಳು. ಆ ವಿಮಾನ ನಮ್ಮ ಶೆಡ್ಡಿನಿಂದ ಎದ್ದು ಹೋದರೆ ಮೈದಾನದ ಉಳಿದ ವಿಮಾನಗಳೂ ಅದರ ಹಿಂದೆಯೇ ಹೋಗುತ್ತವೆ. ಅಮ್ಮ ಮೊಣಕಾಲು ಸವೆಸಿ ಗಳಿಸಿದ ಹೆಸರು ನನ್ನ ಕೈಯಲ್ಲಿ ಮಣ್ಣುಪಾಲಾಗುತ್ತದೆ.

ನಿಜ ಹೇಳಬೇಕೆಂದರೆ ನನಗೆ ಮೊದಲಿನಿಂದಲೂ ಅನುಮಾನವಿದ್ದದ್ದು ಮಂಜುಗಡ್ಡೆಯ ಮೇಲೆ. ಕೈಗೆ ಸ್ಪಿರಿಟ್ ಹಚ್ಚಿದರೆ ಚರ್ಮ ತಣ್ಣಗಾಗುತ್ತದಲ್ಲ, ಹಾಗೆಯೇ ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರಿನ ಗಂಟಲು ತಣ್ಣಗಾಗುತ್ತದೆ. ನೀರಿನ ಮೇಲಿನ ತೇವದ ಗಾಳಿ ಅಲ್ಲಿ ಹೊಕ್ಕರೆ, ಹೊರಗೆ ಸ್ವೆಟರ್ ಬೇಡದಂಥ ಹವೆಯಿದ್ದರೂ, ಒಳಗೆ ಮಂಜುಗಡ್ಡೆ ಕಟ್ಟಿ ಉಸಿರು ಕಟ್ಟುತ್ತದೆ. ನೆಲಕ್ಕೆ ಬರುವಷ್ಟರಲ್ಲಿ ಎಂಜಿನ್ನಿನ ಕಾವಿಗೆ ಕರಗಿಹೋಗಿರುತ್ತದೆ, ಕಳ್ಳ ಸಿಗುವುದೇ ಇಲ್ಲ. ಅದಕ್ಕೆಂದೇ ಪೈಲಟ್ಟಿನ ಮುಂದೆ ಒಂದು ಹಿಡಿ ಇರುತ್ತದೆ. ಎಳೆದರೆ ಹೊಗೆ ಕೊಳವೆಯ ಸುತ್ತಲಿನ ಬಿಸಿಗಾಳಿ ಕಾರ್ಬುರೇಟರಿಗೆ ನುಗ್ಗಿ ಮಂಜು ಕರಗುತ್ತದೆ. ಆದರೆ ತಮ್ಮ, ಅದನ್ನು ಎಳೆದೆ, ಇನ್ನೂ ಹದಗೆಟ್ಟಿತು ಅಂದಿದ್ದ. ಬಿಸಿಗಾಳಿ ಬಂದರೂ ಹದಗೆಟ್ಟರೆ ಅದು ಮಂಜಲ್ಲ. ಆ ಕೊಳವೆಯನ್ನೂ ನೋಡಿದ್ದೆ, ಬಿರುಕಿರಲಿಲ್ಲ. ಅಲ್ಲಿಗೆ ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು.

"ಇನ್ನೊಂದು ಸಲ ಹೇಳೋ," ಅಂದೆ, "ಏನೇನು ಮಾಡಿದೆ ಅಂತ."

"ಎಷ್ಟು ಸಲ ಹೇಳ್ಲಿ ಅಕ್ಕ? ಕೆಮ್ತು. ಹೀಗೆ ಎಳೆದೆ. ಜೋರಾಗಿ ಕೆಮ್ತು."

ಅವನು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ. ಕೈ ಎದೆಯ ಕಡೆಗೆ ಬಂತು, ಬಂದದ್ದೇ ತಡ ವಾಪಸು ಹೋಯಿತು. ಅವನಿಗೆ ಅದು ಗೊತ್ತಾಗಲೇ ಇಲ್ಲ. ನಾನು ನೋಡಿದೆ.

"ಎಳೆದು ಎಷ್ಟು ಹೊತ್ತು ಹಿಡ್ಕೊಂಡಿದ್ದೆ?"

"ಹಿಡ್ಕೊಳ್ಳೋದಾ? ಎಂಜಿನ್ ಪ್ರಾಣ ಬಿಡ್ತಿದ್ರೆ ಯಾರಾದ್ರೂ ಹಿಡ್ಕೊಂಡಿರ್ತಾರಾ? ತಕ್ಷಣ ಒಳಗೆ ತಳ್ಳಿದೆ."

ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಯಜಮಾನಿಯ ಕಡೆಗೆ ತಿರುಗಿದೆ. "ಎಂಜಿನ್ನಿಗೆ ಏನೂ ಆಗಿಲ್ಲ ಮೇಡಂ. ನಾನು ಜೊತೆಗೆ ಹೋಗಿ ಬರ್ತೀನಿ."

ಹೋಗಲೇಬೇಕಿತ್ತು. ಎಂಜಿನ್ನಲ್ಲಿ ದೋಷವಿಲ್ಲ ಎಂದು ಹೇಳಿದವರು ಪೈಲಟ್ಟಿನ ಪಕ್ಕದ ಸೀಟಿನಲ್ಲಿ ಕೂತು ಹಾರಬೇಕು ಅನ್ನುವುದು ಅಮ್ಮನ ಕಾಲದಿಂದ ನಮ್ಮ ಶೆಡ್ಡಿನ ಕಟ್ಟಳೆ. ನೆಲದ ಮೇಲೆ ನಿಂತು ಎದೆ ತಟ್ಟಿಕೊಳ್ಳುವುದು ಯಾರಿಂದಲಾದರೂ ಆಗುತ್ತದೆ. ನನಗೋ ಏಣಿ ಹತ್ತಿದರೇ ತಲೆ ಸುತ್ತುತ್ತದೆ. ಪ್ರತಿ ಸಲವೂ ಹಲ್ಲು ಕಚ್ಚಿಕೊಂಡೇ ಹತ್ತುತ್ತೇನೆ, ಪೈಲಟ್ಟುಗಳ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ.

ಕೆರೆಯ ಮೇಲೆ ತೆಳ್ಳಗೆ ಮೋಡವಿತ್ತು. ತಮ್ಮ ಎಂಜಿನ್ ತಗ್ಗಿಸಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಂಜಿನ್ನಿನ ವೇಗ ತೋರಿಸುವ ಮಾಪಕದ ಮುಳ್ಳು ಮೆಲ್ಲಗೆ ಇಳಿಯತೊಡಗಿತು, ಎಂಜಿನ್ ಒಂದು ಸಲ ಬಿಕ್ಕಿತು, ಮತ್ತೆ ಬಿಕ್ಕಿತು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಎಳಿ," ಅಂದೆ. "ಪೂರ್ತಿ ಎಳಿ."

ಎಳೆದ. ಎಂಜಿನ್ ಗಂಟಲಿಗೆ ನೀರು ಸಿಕ್ಕಿಕೊಂಡವರ ಹಾಗೆ ಒದ್ದಾಡಿತು. ಬಾಗಿಲು, ಗಾಜು, ನನ್ನ ಹಲ್ಲು, ಎಲ್ಲವೂ ಗಡಗಡ ಅಲುಗಿದವು. ಕೆಳಗೆ ಬೂದುಬಣ್ಣದ ನೀರು ಮೇಲೆ ಮೇಲೆ ಬರುತ್ತಿತ್ತು. ತಮ್ಮನ ಕೈ ಹಿಡಿಯನ್ನು ಒಳಗೆ ತಳ್ಳಲು ಹೊರಟಿತು. ನಾನು ಅವನ ಕೈ ಮೇಲೆ ಕೈ ಹಾಕಿ ಗಟ್ಟಿಯಾಗಿ ಹಿಡಿದೆ.

"ಬಿಡು ಅಕ್ಕ. ಸಾಯ್ತೀವಿ."

"ಸಾಯಲ್ಲ. ಕರಗಿದ ನೀರು ಎಂಜಿನ್ ಮೂಲಕಾನೇ ಹೋಗ್ಬೇಕು. ಅದು ಹೋಗೋ ತನಕ ಕೆಮ್ಮುತ್ತೆ. ಕೆಮ್ಮಲಿ."

ಹೇಳಿದ್ದೇನೋ ಹೇಳಿದೆ. ಒಂದು ವೇಳೆ ನನ್ನ ಲೆಕ್ಕವೇ ತಪ್ಪಾಗಿದ್ದರೆ, ಅಮ್ಮನ ಇಬ್ಬರು ಮಕ್ಕಳೂ ಒಂದೇ ಸಲಕ್ಕೆ ನೀರಿಗೆ. ಎಂಜಿನ್ ಇನ್ನೊಮ್ಮೆ ಜೋರಾಗಿ ಕೆಮ್ಮಿತು. ಆಮೇಲೆ ನಿಟ್ಟುಸಿರು ಬಿಟ್ಟಂತೆ ಸದ್ದು ಬಿಚ್ಚಿಕೊಂಡಿತು, ಮುಳ್ಳು ಮೇಲೇರಿತು, ಅಲುಗಾಟ ನಿಂತಿತು. ನನ್ನ ಕಾರ್ಬುರೇಟರ್ ಹಾಡುವುದಕ್ಕೆ ಶುರುಮಾಡಿತು. ಯಾವ ಹೊಸ ಎಂಜಿನ್ನನ್ನಾದರೂ ತಂದು ಅದರ ಮುಂದೆ ನಿಲ್ಲಿಸಲಿ ನೋಡೋಣ ಅನ್ನಿಸಿತು ನನಗೆ.

ವಾಪಸು ಬರುವ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಒಂದು ದೊಡ್ಡ ಭಾಷಣ ತಯಾರು ಮಾಡಿಕೊಂಡೆ. ಅದರಲ್ಲಿ ಯಜಮಾನಿಗೆ ಒಂದು ಪಾಲು, ಆ ಬೇರೆ ಊರಿನ ಮೆಕ್ಯಾನಿಕ್ಕಿಗೆ ಒಂದು ಪಾಲು, ತಮ್ಮನಿಗೆ ಮಿಕ್ಕದ್ದೆಲ್ಲ. ಇಳಿಯುವ ಹೊತ್ತಿಗೆ ಅವನ ಮುಖ ನೋಡಿದೆ. ಆಗ ಹೊಳೆಯಿತು, ಈ ಭಾಷಣ ಮಾಡಿದರೆ ಅವನ ಕೆಲಸ ಹೋಗುತ್ತದೆ. ಹಿಡಿ ಎಳೆಯಲು ಬಾರದ ಪೈಲಟ್ಟನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಾಡದಿದ್ದರೆ ಅಮ್ಮನ ಶೆಡ್ಡು ಹೋಗುತ್ತದೆ.

ಯಜಮಾನಿ ರೆಕ್ಕೆಯ ಹತ್ತಿರವೇ ನಿಂತಿದ್ದರು. ಅಮ್ಮ ಕುರ್ಚಿಯಿಂದೆದ್ದು ಬಂದಿದ್ದಳು.

"ಏನಾಗಿತ್ತು ಕಾರ್ಬುರೇಟರಿಗೆ?"

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ. "ಏನೂ ಆಗಿರ್ಲಿಲ್ಲ ಮೇಡಂ. ಐಸ್ ಕಟ್ತಿತ್ತು. ಬಿಸಿಗಾಳಿ ಎಳೆದು ಹಿಡ್ಕೊಂಡಿರ್ಬೇಕಿತ್ತು, ನಾನು ಹೆದರಿ ಬಿಟ್ಟುಬಿಡ್ತಿದ್ದೆ. ತಪ್ಪು ನನ್ನದು. ಸುಮ್ನೆ ಇವರ ಕೆಲಸದ ಮೇಲೆ ಹಾಕಿದೆ."

ತಡವರಿಸಲಿಲ್ಲ, ನೆಲ ನೋಡಲಿಲ್ಲ. ಯಜಮಾನಿ ಅವನನ್ನು ದಾಟಿಕೊಂಡು ಪೆಟ್ಟಿಗೆಗಳ ಕಡೆಗೆ ನಡೆದರು. ಅವನ ಕೆಲಸ ಹೋಯಿತು ಅಂದುಕೊಂಡೆ ನಾನು.

"ಮಧ್ಯಾಹ್ನದ ಔಷಧಿ ಪೆಟ್ಟಿಗೆಗಳು ಇನ್ನೂ ಇಲ್ಲೇ ಇವೆ," ಅಂದರು ಅವರು ತಮ್ಮನ ಕಡೆ ತಿರುಗಿ. "ತಗೊಂಡು ಹೊರಡು. ಪಕ್ಕದ ಸೀಟಲ್ಲಿ ನಾನೂ ಬರ್ತೀನಿ."

ತಮ್ಮ ಪೆಟ್ಟಿಗೆ ಏರಿಸಲು ಹೋದ. ಅಮ್ಮ ಅವನ ಹಿಂದೆಯೇ ಕುಂಟುತ್ತ ಹೋಗಿ, ಬೇಡ ಅಂದರೂ ಕೇಳದೆ, ಒಂದು ಪೆಟ್ಟಿಗೆಗೆ ಕೈ ಕೊಟ್ಟಳು. ನನ್ನ ಕಾರ್ಬುರೇಟರಿನ ಮಾನ ಉಳಿದಿತ್ತು. ಆದರೆ ಆ ಹೊತ್ತಿನಲ್ಲಿ ಅದು ನನಗೆ ನೆನಪಾಗಲೂ ಇಲ್ಲ.

ಬೇರೆ ಊರಿನ ಮೆಕ್ಯಾನಿಕ್ ನನ್ನ ಪಕ್ಕಕ್ಕೆ ಸರಿದು, ತಗ್ಗಿದ ದನಿಯಲ್ಲಿ ಕೇಳಿದ. "ಆ ಪೈಲಟ್ ಯಾರು?"

"ನನ್ನ ತಮ್ಮ," ಅಂದೆ. ಮೈದಾನದ ಆ ತುದಿಗೂ ಕೇಳಿಸುವಷ್ಟು ಗಟ್ಟಿಯಾಗಿ.