ಬಲ ಮಗ್ಗುಲಿನ ಕಾಜ

ಹೆಂಡತಿಯ ಬಲಗೈಗೆ ಲಕ್ವ ಹೊಡೆದ ಮೇಲೆ ಅವಳ ಸೂಜಿ ಗಂಡನ ಕೈಗೆ ಬಂತು.

ಅವನು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುತ್ತಲೇ ತಲೆ ನರೆತಿತ್ತು. ಮನೆಯ ಹೊಟ್ಟೆಪಾಡು ನಡೆಯುತ್ತಿದ್ದುದು ಅದರಿಂದ. ಹೆಂಡತಿಯದು ಬಿಡುವಿನ ಕೆಲಸ. ದರ್ಜಿಯ ಅಂಗಡಿಯಿಂದ ಹೊಲಿದ ಅಂಗಿಗಳನ್ನು ತಂದು, ಗುಂಡಿ ತೂರುವ ಕಡೆ ಬಟ್ಟೆಯನ್ನು ಸೀಳಿ, ಸೀಳಿನ ಸುತ್ತ ಒತ್ತೊತ್ತಾಗಿ ನೂಲು ಕಟ್ಟುತ್ತಿದ್ದಳು. ಕಾಜ ಹಾಕುವುದು ಎಂದರೆ ಇದೇ. ಯಾರಾದರೂ ಅದನ್ನು ಬಿಡುವಿನ ಕೆಲಸ ಎಂದರೆ ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಮನೇಲಿ ಅನ್ನ ಅವರದು, ಹೆಸರು ನಂದು" ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ದರ್ಜಿಯ ಗಿರಾಕಿಗಳಲ್ಲಿ ಕೆಲವರು 'ಅಕ್ಕನ ಕಾಜ' ಬೇಕೆಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಆಸ್ಪತ್ರೆಗೆ ನೋಡಲು ಬಂದಾಗ ದರ್ಜಿ ಮಂಚದ ಪಕ್ಕ ನಿಂತು ಕೈ ಹಿಸುಕಿಕೊಂಡ. "ಅಕ್ಕ, ನಿಮ್ಮ ಜಾಗ ನಿಮಗೇ. ಆದ್ರೆ ಕೆಲಸ ನಿಲ್ಲಬಾರದು ನೋಡಿ. ನಿಂತ್ರೆ ನಾನು ಬೇರೆಯವರನ್ನ ಹುಡುಕಬೇಕಾಗುತ್ತೆ."

ಅವಳು ಸೊಟ್ಟಗಾದ ಬಾಯಲ್ಲೇ ಹೇಳಿದಳು: "ಇವರು ಹಾಕ್ತಾರೆ."

"ಯಾರು, ನಾನಾ?" ಎಂದ ಗಂಡ.

"ನೀವಲ್ದೆ ಬೀದೀಲಿ ಹೋಗೋರಾ?"

ಕೈ ಮರಳಿ ಬಂದರೂ ಬರಬಹುದು, ದಿನಾ ಬೆರಳು ಆಡಿಸುತ್ತಿರಬೇಕು, ಒಂದು ದಿನವೂ ಬಿಡಬಾರದು ಎಂದು ವೈದ್ಯರು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ಅದನ್ನು ಕಟ್ಟಿದವಳು ಅವಳೇ. "ನೀವೊಂದು ಕಾಜ ಹಾಕಿ, ನಾನೊಂದು ಬೆರಳು ಬಿಚ್ತೀನಿ. ನೀವು ನಿಲ್ಲಿಸಿದ ದಿನ ನಾನೂ ನಿಲ್ಲಿಸ್ತೀನಿ."

ಹಾಗಾಗಿ ಅವನು ನಿಲ್ಲಿಸುವಂತಿರಲಿಲ್ಲ. ಬೆಳಗಾಗುತ್ತಲೇ ಎದ್ದು, ದೇವರಿಗೆ ಕೈಮುಗಿದು, ಕಿಟಕಿಯ ಬೆಳಕಿಗೆ ಮೈಯೊಡ್ಡಿ ಕೂರುತ್ತಿದ್ದ. ಎದುರಿಗೆ ಗೋಡೆಗೆ ದಿಂಬು ಕೊಟ್ಟು ಅವಳನ್ನು ಕೂರಿಸುತ್ತಿದ್ದ. ಮೊದಮೊದಲು ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿತು.

"ಇದೇನ್ರೀ, ಕಾಜಾನೋ, ಇಲಿ ಕಡಿದ ತೂತೋ?"

"ನಿನ್ನ ಬಾಯಿಗೆ ಲಕ್ವ ಪೂರ್ತಿ ಹೊಡೀಲಿಲ್ಲ ನೋಡು."

"ಹೊಡೆದಿದ್ರೆ ನಿಮಗೆ ಕಲಿಸೋರು ಯಾರು? ಬಿಚ್ಚಿ, ಮತ್ತೆ ಹಾಕಿ."

ಅವನು ಬಿಚ್ಚಿ ಮತ್ತೆ ಹಾಕುತ್ತಿದ್ದ. ಅವಳು ಹಲ್ಲು ಕಚ್ಚಿ, ಹಣೆಯಲ್ಲಿ ಬೆವರು ಒಡೆಯುವಷ್ಟು ಬಲ ಹಾಕಿ, ಮುಚ್ಚಿದ ಮುಷ್ಟಿಯಿಂದ ಒಂದು ಬೆರಳನ್ನು ಎತ್ತಲು ನೋಡುತ್ತಿದ್ದಳು. ಕೆಲವು ದಿನ ಅದು ನಡುಗುತ್ತಿತ್ತು, ಕೆಲವು ದಿನ ಅದೂ ಇಲ್ಲ. ಹೊಸ ಕಟ್ಟು ಬಂದಾಗಲೆಲ್ಲ ಮೊದಲ ಅಂಗಿಯನ್ನು ಅವಳ ಮಡಿಲ ಮೇಲೆ ಹರಡಬೇಕು. ಅವಳು ಎಡಗೈಯಿಂದ ಸವರಿ ಜಾಗ ತೋರಿಸಿದ ಮೇಲೆಯೇ ಕತ್ತರಿ ಆಡಬೇಕು. ನೂಲು ತಪ್ಪಿದರೆ ಬಿಚ್ಚಬಹುದು, ಸೀಳಿದ ಬಟ್ಟೆಯನ್ನು ಕೂಡಿಸಲಾಗದು ಎಂಬುದು ಅವಳ ಕಟ್ಟಪ್ಪಣೆ.

ಅಚ್ಚುಕೂಟದಲ್ಲಿ ಸುದ್ದಿ ಹಬ್ಬಲು ಹೊತ್ತಾಗಲಿಲ್ಲ. ಯಂತ್ರ ತಿರುಗಿಸುವವನು ದಿನಾ ಬಾಗಿಲಲ್ಲೇ ಕಾದಿರುತ್ತಿದ್ದ. "ಬನ್ನಿ ಕಾಜಮ್ಮನೋರೇ, ಅಡಿಗೆ ಆಯ್ತಾ?" ಇವನು ನಕ್ಕು ಒಳಗೆ ಹೋಗುತ್ತಿದ್ದ. ಕಣ್ಣು ಉರಿಯುವ ದಿನಗಳಿದ್ದವು, ಬೆನ್ನು ನೆಟ್ಟಗಾಗದ ದಿನಗಳಿದ್ದವು. ಇವತ್ತೊಂದು ದಿನ ಬಿಡೋಣ ಎಂದು ಮನಸ್ಸು ಎಳೆಯುವಾಗ ಎದುರಿನ ಮುಷ್ಟಿಯನ್ನು ನೋಡುತ್ತಿದ್ದ. ಬಿಡಲಿಲ್ಲ. ಕಡೆಗೆ ಅವನ ಕಾಜ ದರ್ಜಿಗೆ ಒಪ್ಪಿಗೆಯಾಯಿತು. ಹೆಚ್ಚಿನದೆಂದರೆ, ಅವಳ ಹೆಬ್ಬೆರಳು ಒಂದು ಬೆಳಗ್ಗೆ ಸ್ಪಷ್ಟವಾಗಿ ಮೇಲೆದ್ದಿತು. ಇಬ್ಬರೂ ಅದನ್ನೇ ನೋಡಿದರು.

ಆಗ ಬಂತು ದಾದಿಯರ ಕೋಟುಗಳ ಕಟ್ಟು. ಆಸ್ಪತ್ರೆಯೊಂದಕ್ಕೆ ಹೋಗಬೇಕಾದ ಬಿಳಿಯ ಕೋಟುಗಳು. "ಇವು ಹೆಂಗಸರವು ಅಣ್ಣ, ಕಾಜ ಬಲ ಮಗ್ಗುಲಿಗೆ. ಮರೀಬೇಡಿ" ಎಂದು ದರ್ಜಿ ಎರಡು ಸಲ ಹೇಳಿ ಕೊಟ್ಟ. ಅಲ್ಲಿಯ ತನಕ ಬಂದಿದ್ದವೆಲ್ಲ ಗಂಡಸರ ಅಂಗಿ, ಎಡ ಮಗ್ಗುಲಿನ ಕಾಜ.

ಆ ಇರುಳು ಅವಳಿಗೆ ನೋವು ಹೆಚ್ಚಾಗಿ, ಬೆಳಕು ಹರಿಯುವ ಹೊತ್ತಿಗೆ ಕಣ್ಣು ಹತ್ತಿತ್ತು. ಎಬ್ಬಿಸಲು ಅವನಿಗೆ ಮನಸ್ಸು ಬರಲಿಲ್ಲ. ಒಂದು ದಿನ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಿಡಬಾರದೆಂಬುದು ಅಷ್ಟರಲ್ಲಿ ಅವನ ರಕ್ತಕ್ಕೇ ಇಳಿದಿತ್ತು. ಕಟ್ಟು ಬಿಚ್ಚಿದ. ಕೊಳೆಯಾಗದಿರಲೆಂದು ದರ್ಜಿ ಕೋಟುಗಳನ್ನು ಒಳಮೈ ಹೊರಗಾಗಿಸಿ ಮಡಿಸಿದ್ದ.

ಅಚ್ಚಿನ ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅದನ್ನು ನೆಟ್ಟಗೆ ಓದುವುದೇ ಅವನ ಜೀವಮಾನದ ವಿದ್ಯೆ. ಮೈಮೇಲಿನ ಅಂಗಿಯೂ ಹಾಗೆಯೇ. ಎದುರು ಹರಡಿದರೆ ತೊಟ್ಟವರ ಬಲ ನೋಡುವವರ ಎಡಕ್ಕೆ ಬರುತ್ತದೆ. ಇದು ಅವನಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು. ಆದರೆ ಒಳಮೈ ಹೊರಗಾದ ಕೋಟಿನಲ್ಲಿ ಬಲವು ಬಲದಲ್ಲೇ ಇರುತ್ತದೆ. ಅವನ ಕಣ್ಣು ರೂಢಿಯಂತೆ ಅದನ್ನು ಇನ್ನೊಮ್ಮೆ ಹೊರಳಿಸಿತು, ಕೈ ಕಣ್ಣನ್ನು ನಂಬಿ ಎಡ ಮಗ್ಗುಲಿಗೆ ಕತ್ತರಿ ಹಾಕಿತು. ಹೆಂಡತಿ ಏಳುವ ಮುಂಚೆ ಎಲ್ಲ ಸೀಳಿಟ್ಟರೆ ಹಾಯಾದೀತೆಂದು, ಒಂದರ ಮೇಲೊಂದು ಇಡೀ ಕಟ್ಟನ್ನು ಸೀಳಿಬಿಟ್ಟ. ಆಮೇಲೆ ಹಲವು ಬೆಳಗು ಕೂತು ನೂಲು ಕಟ್ಟಿದ. ಅವಳು ಎದುರಿನಿಂದ ನೂಲು ನೋಡಿ, "ಈಗ ನನ್ನ ಕೈಯೇ" ಎಂದಳು. ಮೊದಲ ಕೋಟನ್ನು ಮಡಿಲಿಗೆ ಹಾಕಲಿಲ್ಲವೆಂಬುದನ್ನು ಅವಳೂ ಕೇಳಲಿಲ್ಲ.

ದರ್ಜಿ ಒಂದು ಕೋಟನ್ನು ಹೊರಮೈಗೆ ತಿರುಗಿಸಿದ. ಇನ್ನೊಂದನ್ನು ತಿರುಗಿಸಿದ. ಮೂರನೆಯದನ್ನು ಮುಟ್ಟಲಿಲ್ಲ.

"ಅಣ್ಣ, ಏನು ಮಾಡಿಟ್ರಿ?"

ಅವನು ಕೋಟಿನ ಎಡ ಮಗ್ಗುಲನ್ನು ಮುಟ್ಟಿ ನೋಡಿದ. "ಗುಂಡಿ ಆ ಕಡೆ ಹಾಕಿ ಗಂಡಸರಿಗೆ ಕೊಟ್ರೆ?"

"ಎದೆ ಸೊಂಟ ಎಲ್ಲಾ ಹೆಂಗಸರ ಅಳತೆ. ಯಾವ ಗಂಡಸಿಗೆ ತೊಡಿಸ್ಲಿ?" ದರ್ಜಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಕಡೆ ಮುಖ ಮಾಡಿ, "ಇನ್ನು ಬರಬೇಡಿ ಅಣ್ಣ. ಅಕ್ಕನಿಗೆ ನಾನು ಹೇಳಲಾರೆ, ನೀವೇ ಹೇಳಿ" ಎಂದ.

ಬರಿಗೈಯಲ್ಲಿ ಮನೆಗೆ ಬಂದ. ಹೇಳಿದ. ಅವಳು ಮೊದಲು ನಕ್ಕಳು. ಅರ್ಧ ಮುಖ ನಕ್ಕಿತು, ಅರ್ಧ ಹಾಗೇ ಇತ್ತು. "ಅಚ್ಚಿನ ಮೊಳೆ ಬುದ್ಧಿ! ನನ್ನ ಯಾಕೆ ಎಬ್ಬಿಸಲಿಲ್ಲ?"

"ನಿದ್ದೆ ಹತ್ತಿತ್ತು ನಿಂಗೆ."

"ಒಂದು ದಿನ ಬಿಟ್ಟಿದ್ರೆ ಗಂಟು ಹೋಗ್ತಿತ್ತಾ?"

ಬಿಡಬೇಡಿ ಎಂದವಳು ನೀನೇ ಅಲ್ಲವೇ ಎನ್ನುವ ಮಾತು ಅವನ ನಾಲಗೆಗೆ ಬಂತು. ನುಂಗಿಕೊಂಡ.

"ಕೆಲಸ ಯಾರ ಪಾಲಾಯ್ತು? ಹಿಂದಿನ ಬೀದಿ ಸೋಡಾಬುಡ್ಡಿಗೇ ತಾನೇ?" ದಪ್ಪ ಕನ್ನಡಕದ ಆ ಹೆಂಗಸಿಗೂ ಇವಳಿಗೂ ಕಾಜದ ವಿಷಯದಲ್ಲಿ ಹಳೆಯ ಹೊಟ್ಟೆಕಿಚ್ಚು.

"ಹೂಂ."

"ಅವಳ ಕಾಜ ಒಂದು ಸಲ ಒಗೆದ್ರೆ ಬಾಯಿ ಬಿಡುತ್ತೆ."

"ದರ್ಜೀನೂ ಹಾಗೇ ಅಂದ. ಅಕ್ಕನ ಕೈ ಬರೋವರೆಗೆ ಅಷ್ಟೇ ಅಂದ."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಅಂದ್ನಾ?"

"ಇಲ್ಲ" ಎಂದ ಅವನು.

ಮಾರನೆಯ ಬೆಳಗ್ಗೆ ಎಂದಿನಂತೆ ಎದ್ದ. ದೇವರ ಮುಂದೆ ಕೈ ಜೋಡಿಸಿದ; ಬೇಡಲು ಮಾತು ಬರಲಿಲ್ಲ, ಹಾಗೇ ನಿಂತು ಬಂದ. ಅವಳನ್ನು ದಿಂಬಿಗೆ ಒರಗಿಸಿ, ತನ್ನ ಹಳೆಯ ಅಂಗಿಯೊಂದನ್ನು ಮಡಿಲಿಗೆ ಹಾಕಿಕೊಂಡು ಕಿಟಕಿಯ ಬಳಿ ಕೂತ.

"ಇವಳೇ, ನಾನು ಹಾಕ್ತೀನಿ. ನೀನು ಬಿಚ್ಚು."

"ಯಾರ ಅಂಗಿಗೆ?"

"ನಂದೇ."

"ನಿಮ್ಮಂಗೀಲಿ ಕಾಜ ಇದೆಯಲ್ಲ" ಎಂದಳು ಅವಳು. "ನಾನೇ ಹಾಕಿದ್ದು."

ಅವನು ಸೂಜಿಗೆ ನೂಲು ಪೋಣಿಸಿಕೊಂಡು ಕಾದ. ಅವಳು ಕಣ್ಣು ಮುಚ್ಚಿದ್ದಳು, ನಿದ್ದೆ ಮಾಡುತ್ತಿರಲಿಲ್ಲ. ಮಡಿಲ ಮೇಲೆ ಕೈ ಮುಚ್ಚಿಕೊಂಡೇ ಇತ್ತು. ಹೆಬ್ಬೆರಳು ಕೂಡ ಒಳಗೆ ಸೇರಿತ್ತು. ಅಚ್ಚುಕೂಟಕ್ಕೆ ಹೊತ್ತಾದಾಗ ಎದ್ದು, ಆ ಕೈಯನ್ನು ಮೆಲ್ಲಗೆ ಎತ್ತಿ ಹೊದಿಕೆಯೊಳಗೆ ಇಟ್ಟು, ಕದ ಎಳೆದುಕೊಂಡು ಹೊರಟ.