ತೊಳೆದು ಹಿಂದಿರುಗಿಸಬೇಕಾದ ಪಾತ್ರೆ

ಒಣಗಿದ ಚೀಸ್ ಗಾಜಿನ ಪಾತ್ರೆಯ ಮೂಲೆಯನ್ನು ಕಚ್ಚಿಕೊಂಡು ಕೂತಿದೆ, ಉಗುರಿಗೂ ಬರುವುದಿಲ್ಲ, ಶೆಲ್ಬಿ ಬಿಸಿನೀರು ಬಿಟ್ಟು ಉಜ್ಜುತ್ತಾಳೆ, ಹುರಿದ ಈರುಳ್ಳಿಯ ಜಿಡ್ಡು ನೀರಿನ ಮೇಲೆ ತೇಲಿಬಂದು ಮಣಿಕಟ್ಟಿಗೆ ಬಳೆಯಂತೆ ಅಂಟುತ್ತದೆ, ಥೂ, ಮನೆಯಲ್ಲಿ ಬೇರೆ ಸದ್ದಿಲ್ಲ, ಬೀದಿಯಲ್ಲೂ ಇಲ್ಲ, ಈ ಊರಲ್ಲಿ ಯಾವತ್ತೂ ಇಲ್ಲ. ಪಾತ್ರೆಯ ತಳದಲ್ಲಿ ಅಂಟುಪಟ್ಟಿ, ದುಂಡನೆಯ ಅಕ್ಷರ, ವೆರ್ನಾ ಹಾಲ್ವರ್ಸನ್ — ಎದುರುಮನೆಯಾಕೆ. ಸಾವಿನ ಮನೆಗೆ ಊಟ ತರುವವರೆಲ್ಲ ಹೀಗೆ ತಳಕ್ಕೆ ಹೆಸರು ಅಂಟಿಸಿಯೇ ತರುತ್ತಾರೆ, ಅಳು ನಿಲ್ಲುವ ಮೊದಲೇ ಯಾರದು ಯಾರಿಗೆ ಎಂದು ವಿಂಗಡಿಸಬೇಕು. ಅಮ್ಮ ಮಂಡಿ ಆಪರೇಷನ್ ಆಗಿ ಚಳಿಗಾಲವಿಡೀ ಮಲಗಿದ್ದಾಗ ಒಬ್ಬರೂ ಮೆಟ್ಟಿಲು ಹತ್ತಲಿಲ್ಲ, ಈಗ ಫ್ರಿಜ್ ಬಾಗಿಲು ಮುಚ್ಚುತ್ತಿಲ್ಲ, ನೂಡಲ್ಸ್, ಆಲೂಗಡ್ಡೆ, ಹಂದಿಮಾಂಸ, ಎಲ್ಲದರ ಮೇಲೂ ಅದೇ ಹಳದಿ ಕೆನೆ. ಅಮ್ಮ ನಗುತ್ತಿದ್ದಳು, ಇಲ್ಲಿ ಒಬ್ಬಳು ಸೀನಿದ್ರೆ ನಾಲ್ಕು ಮನೆ ಪರದೆ ಅಲ್ಲಾಡುತ್ತೆ ಕಣೇ, ಏನಾಯ್ತು ಅಂತ ಕೇಳೋ ಬಾಯಿ ಮಾತ್ರ ಒಂದೂ ಇಲ್ಲ, ಸತ್ತು ನೋಡು, ಹೊಟ್ಟೆ ತುಂಬ ಊಟ ಹಾಕ್ತಾರೆ. ಸತ್ತು ನೋಡಿದಳು.

ಆ ದಿನ ಕಸದ ಗಾಡಿ ಬರುವ ದಿನ, ಶೆಲ್ಬಿ ಮೋಟೆಲ್‌ನಲ್ಲಿ ಹಾಸಿಗೆ ಬಟ್ಟೆ ಒಗೆದು ಸಂಜೆ ಬರುತ್ತಾಳೆ, ಖಾಲಿ ಕಸದ ಡಬ್ಬ ರಸ್ತೆಯಂಚಿನಿಂದ ತನ್ನ ಜಾಗಕ್ಕೆ ಬಂದು ನೆಟ್ಟಗೆ ನಿಂತಿದೆ, ಬಾಗಿಲು ಹಾಕಿದೆ, ಪರವಾಗಿಲ್ಲ, ಅಮ್ಮ ಓಡಾಡುತ್ತಿದ್ದಾಳೆ ಅಂದುಕೊಂಡಳು, ಒಳಗೆ ಅಮ್ಮ ಫ್ರಿಜ್ಜಿನ ಪಕ್ಕ ನೆಲದ ಮೇಲೆ, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಚಪ್ಪಲಿ ಬಾಗಿಲ ಪಕ್ಕ, ಗೋಡೆಗೆ ಮೂತಿ ಮಾಡಿ ನೀಟಾಗಿ ಇಟ್ಟದ್ದು. ಅಮ್ಮ ಜೀವಮಾನದಲ್ಲಿ ಚಪ್ಪಲಿ ಜೋಡಿಸಿಟ್ಟವಳಲ್ಲ. ಮಧ್ಯಾಹ್ನದವರೆಗೂ ಉಸಿರಿತ್ತು ಅನ್ಸುತ್ತಮ್ಮ, ಬೇಗ ಯಾರಾದ್ರೂ ನೋಡಿದ್ದಿದ್ರೆ, ಅಂದಿದ್ದ ಆಂಬುಲೆನ್ಸಿನವನು.

ಅಂತ್ಯಕ್ರಿಯೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಗದದ ತಟ್ಟೆ ಹಿಡಿದು ಪಿಸುಮಾತಿನಲ್ಲಿ ಮೆಲ್ಲುತ್ತಿದ್ದರು, ಪಾದ್ರಿಯ ಹೆಂಡತಿ ಭುಜ ತಟ್ಟಿದರು, ಏನಾದ್ರೂ ಬೇಕಿದ್ರೆ ಹೇಳಮ್ಮ, ಅಂದು ಉತ್ತರಕ್ಕೆ ಕಾಯದೆ ಕಾಫಿಯ ಕಡೆ ನಡೆದರು, ಆಮೇಲೆ ಮಿಸೆಸ್ ಹಾಲ್ವರ್ಸನ್, ತುಟಿಯ ಮೇಲೆ ಕೇಕಿನ ಪುಡಿ, ಚಿನ್ನಾ, ಅವತ್ತು ಬೆಳಿಗ್ಗೆ ನಿಮ್ಮ ಕಸದ ಡಬ್ಬ ನಾನೇ ತಂದಿಟ್ಟೆ, ರಸ್ತೇಲಿ ಬಿದ್ದಿದ್ರೆ ನೋಡೋಕೆ ಚೆನ್ನಾಗಿರಲ್ಲ ಅಲ್ವಾ, ಪಾಪ, ನಿಮ್ಮ ಬಾಗಿಲು ಬೇರೆ ತೆರೆದುಕೊಂಡಿತ್ತು, ಒಂದು ಚಪ್ಪಲಿ ಮೆಟ್ಟಿಲ ಮೇಲೆ, ಆ ಹಿಮದಲ್ಲಿ ಬಿಸಿಯೆಲ್ಲ ಹೊರಗೆ ಹೋಗ್ತಿತ್ತು, ಚಪ್ಪಲಿ ಒಳಗಿಟ್ಟು ಬಾಗಿಲು ಎಳ್ಕೊಂಡು ಬಂದೆ. ನೀವು ಕೂಗಲಿಲ್ವಾ ಅಂದಳು ಶೆಲ್ಬಿ, ತನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಅಯ್ಯೋ, ಇನ್ನೊಬ್ಬರ ಮನೆಯೊಳಗೆ ಇಣುಕೋದಾ, ಅದು ನಮ್ಮ ಪದ್ಧತಿ ಅಲ್ಲಮ್ಮ. ಸುತ್ತಲಿದ್ದವರು ತಲೆಯಾಡಿಸಿದರು, ಎಷ್ಟು ಒಳ್ಳೆಯ ನೆರೆಯವರು ಸಿಕ್ಕಿದ್ರು ನೋಡು ನಿಮಗೆ, ಅಂದಳು ಒಬ್ಬಳು, ಶೆಲ್ಬಿಯ ಬಾಯೊಳಗಿನ ಕೆನೆ ಹುಳಿಯಾಯಿತು, ನುಂಗಿದಳು, ನುಂಗಿದ್ದಕ್ಕೆ ಈಗಲೂ ಹೇಸಿಗೆ — ಹತ್ತನೇ ತರಗತಿಗೇ ಸ್ಕೂಲು ಬಿಟ್ಟವಳು, ಎದುರು ಮಾತಾಡಲು ಬಾರದವಳು, ಥ್ಯಾಂಕ್ಯೂ ಅಂತಲೂ ಅಂದಿದ್ದಳು.

ಪಾತ್ರೆ ಒರೆಸಿದಳು, ರಸ್ತೆ ದಾಟಿದಳು, ಕೋಟು ಹಾಕಿಲ್ಲ, ಎರಡೂ ಬದಿಯ ಮನೆಗಳು ತೊಳೆದಿಟ್ಟ ಹಲ್ಲುಸೆಟ್ಟಿನ ಹಾಗೆ, ಒಂದು ನಾಯಿಯೂ ಬೊಗಳುವುದಿಲ್ಲ. ಕೇಳಬೇಕಾದದ್ದು ಒಂದೇ, ಬಾಗಿಲು ಎಳೆಯುವಾಗ ಒಳಗಿಂದ ಏನಾದರೂ ಕೇಳಿಸಿತಾ, ಅಮ್ಮ ಕರೆದಳಾ, ಅದಿಷ್ಟು ತಿಳಿದರೆ ಮಲಗಬಹುದು, ಅಥವಾ ಇನ್ನೆಂದೂ ಮಲಗದಿರಬಹುದು, ತಿಳಿಯಬೇಕು. ಕಾರು ನಿಂತಿದೆ, ಒಳಗೆ ಟಿವಿಯ ನೀಲಿ ಬೆಳಕು, ಬೆಲ್ ಒತ್ತುತ್ತಾಳೆ, ಟಿವಿ ಆರುತ್ತದೆ, ಪರದೆ ಬೆರಳಗಲ ಸರಿದು ಮತ್ತೆ ಕೂಡಿಕೊಳ್ಳುತ್ತದೆ, ಪಾತ್ರೆ ಅಲ್ಲೇ ಇಟ್ಟು ಹೋಗಲಿ ಅಂತ ಕಾಯುತ್ತಿದ್ದಾರೆ, ಅದೂ ಪದ್ಧತಿ, ಇಡಲು ಬಗ್ಗುತ್ತಾಳೆ, ಹೊಸ್ತಿಲ ಪಕ್ಕ ಮಿಸೆಸ್ ಹಾಲ್ವರ್ಸನ್‌ರ ಬೂಟುಗಳು, ಗೋಡೆಗೆ ಮೂತಿ ಮಾಡಿ, ನೀಟಾಗಿ, ಅಮ್ಮನ ಚಪ್ಪಲಿ, ಗೋಡೆಗೆ ಮೂತಿ ಮಾಡಿ, ನೀಟಾಗಿ, ಹಾಗೆ ಇಡಬೇಕಾದರೆ ಒಳಗೆ ಕಾಲಿಟ್ಟು ಬಗ್ಗಿರಲೇಬೇಕು — ಪಾತ್ರೆಯನ್ನು ಎದೆಗೆ ಅವುಚಿಕೊಂಡು ನಿಲ್ಲುತ್ತಾಳೆ.

ಮಿಸೆಸ್ ಹಾಲ್ವರ್ಸನ್, ಒಂದ್ಸಲ ಬಾಗಿಲು ತೆಗೀರಿ.